ಕೆಂಪು ದಾರದ ಪಂಜರ

ಆ ದಿನ ಮೇಡಂ ನರಗುಂದದ ಬಸ್ಸಿನಿಂದ ಇಳಿದಾಗ ಅವರ ಕೈಯಲ್ಲಿ ಒಂದು ಕಟ್ಟು ಸುಲಗಾಯಿ ಇತ್ತು. ಹಸಿ ಕಡಲೆಗಿಡ, ಬೇರಿಗೆ ಎರೆಮಣ್ಣು ಇನ್ನೂ ಹಾಗೇ ಅಂಟಿಕೊಂಡಿತ್ತು. ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದ ಹೆಣ್ಣುಮಗಳೊಬ್ಬಳು ಯಾವಗಲ್ ಊರಿನಲ್ಲಿ ಇಳಿಯುವಾಗ ಅವರ ತೊಡೆಯ ಮೇಲೆ ಇಟ್ಟು ಹೋದಳಂತೆ. ಪಂಜರದ ಕೋಣೆಗೆ ಹೋಗುವ ಮೊದಲು ಬೇವಿನ ಗಿಡದ ಕೆಳಗೆ ಕೂತು ಇಬ್ಬರೂ ಸುಲಿದು ತಿಂದೆವು. ತಿಂದ ಮೇಲೆ, "ಕೈ ಚಂದಾಗಿ ತೊಳಕೋ ತಂಗಿ, ಈ ಹುಳಿ ವಾಸನಿ ಅವಕ್ಕ ಆಗಂಗಿಲ್ಲ" ಎಂದರು. ಅವಕ್ಕೆ ಎಂದರೆ ಇಲಿಗಳಿಗೆ.

ಉಳಿದದ್ದೆಲ್ಲ ದಿನವೂ ನಡೆಯುವಂಥದ್ದೇ. ನಾನು ಇಲಿಗಳನ್ನು ತೂಗಿದೆ, ಔಷಧ ಹಾಕಿದೆ, ಕಾಳು ನೀರು ಇಟ್ಟೆ. ಅವರು ಪಾಠ ಮುಗಿಸಿ ಬಂದರು. ಸಂಜೆ, ಮರುದಿನದ ಪರೀಕ್ಷೆಗೆಂದು ಕಡ್ಡಿಯ ಸ್ಟ್ಯಾಂಡನ್ನು ಮೇಜಿನ ಮೇಲೆ ಇಟ್ಟು, ತಿರುಪು ಬಿಗಿ ಮಾಡಿ, ಬೆರಳಿನಿಂದ ಒತ್ತಿ ನೋಡಿದರು. ಬಸ್ಸಿಗೆ ಹೊತ್ತಾಗಿತ್ತು. ಬಾಗಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತ, "ನಾಳೆ ಹೂವ ಮುಡ್ಕೊಂಡು ಬರಬ್ಯಾಡ ಮತ್ತ" ಎಂದರು. ಅದು ಅವರು ನನಗೆ ಹೇಳಿದ ಕೊನೆಯ ಮಾತು.

ರೋಣದ ಹೊರಗಿರುವ ಒಂದು ಸಣ್ಣ ಫಾರ್ಮಸಿ ಕಾಲೇಜಿನಲ್ಲಿ ಅವರು ಪಾಠ ಹೇಳುತ್ತಿದ್ದರು. ಔಷಧ ಮೈಯೊಳಗೆ ಹೋಗಿ ಏನು ಮಾಡುತ್ತದೆ ಎನ್ನುವುದು ಅವರ ವಿಷಯ. ನಾನು ಅಲ್ಲಿನ ಪ್ರಾಣಿ ಕೋಣೆಯಲ್ಲಿ ಕೆಲಸಕ್ಕಿದ್ದೇನೆ. ಪಿಯುಸಿ ಓದಿದವಳು, ಹೀಗೆ ಕೂತು ಬರೆದು ರೂಢಿ ಇಲ್ಲ. ಶೋಕಸಭೆಯಲ್ಲಿ ದೊಡ್ಡವರೆಲ್ಲ ಅವರ ಶಿಸ್ತಿನ ಬಗ್ಗೆ, ಸರಳತೆಯ ಬಗ್ಗೆ ಮಾತಾಡಿದರು. ಎಲ್ಲ ಖರೆಯೇ. ಆದರೆ ಅವರ ಕೈಯ ಬಗ್ಗೆ ಯಾರೂ ಹೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗಿಡ್ಡ ಬೆರಳು, ಅಗಲ ಅಂಗೈ. ರೊಟ್ಟಿ ಬಡಿಯುವವರ ಕೈ ಹಾಗೆ ಇತ್ತು ಅದು. ಇಲಿಯನ್ನು ಬಾಲ ಹಿಡಿದು ಎತ್ತಿದವರನ್ನು ಅವರು ಕೋಣೆಯಿಂದ ಹೊರಗೆ ಕಳಿಸುತ್ತಿದ್ದರು. ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಎತ್ತಬೇಕು. ಹೊಸ ಇಲಿಗಳು ಬಂದರೆ ಮೊದಲ ಕೆಲವು ದಿನ ಬೇರೆ ಕೆಲಸವೇ ಇಲ್ಲ. ಒಂದೊಂದನ್ನೇ ಎತ್ತಿ ಬಿಳಿ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ಅಡ್ಡಾಡುವುದು. ಮೊದಲು ನಿನ್ನ ಕೈ ಅದಕ್ಕೆ ಗುರುತಾಗಲಿ, ಆಮೇಲೆ ನಿನ್ನ ವಿಜ್ಞಾನ ಎಂದು ಹುಡುಗರಿಗೆ ಹೇಳುತ್ತಿದ್ದರು. ಒಮ್ಮೆ ಜೇಬಿನಲ್ಲಿ ಇಲಿ ಇರುವುದು ಮರೆತು ಪ್ರಾಂಶುಪಾಲರ ಕೋಣೆಗೆ ರಜೆ ಕೇಳಲು ಹೋಗಿದ್ದರು. ಮಾತಿನ ನಡುವೆ ಅದು ತಲೆ ಹೊರಗೆ ಹಾಕಿತು. ಪ್ರಾಂಶುಪಾಲರು ಕುರ್ಚಿಯನ್ನೇ ಹಿಂದಕ್ಕೆ ಸರಿಸಿದರಂತೆ. "ಇದಕ್ಕೂ ರಜಾ ಬೇಕಾಗೇದ ಸರ್" ಎಂದು ಇವರು ಹೇಳಿದ ಮಾತು ಕಾಲೇಜಿನಲ್ಲಿ ಬಹಳ ದಿನ ಓಡಾಡಿತು.

ನಾಲಿಗೆ ಹರಿತವಾಗಿತ್ತು, ಆದರೆ ದನಿ ಏರುತ್ತಿರಲಿಲ್ಲ. ಪರೀಕ್ಷೆಯನ್ನೇ ಮಾಡದೆ ಅಂಕಿಗಳನ್ನು ಮನೆಯಲ್ಲಿ ಕೂತು ಬರೆದು ತಂದ ಹುಡುಗನ ಹಾಳೆಯನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಇಲಿ ಭಾಳ ಶಾಣ್ಯಾ ಅದ ಬಿಡಪಾ. ಪುಸ್ತಕ ಓದಿ ಬಂದದ" ಎಂದು ಅವನ ಕೈಗೇ ಮರಳಿ ಕೊಟ್ಟರು. ಅಷ್ಟೇ. ಆ ಹುಡುಗ ಎರಡನೆಯ ಸಲ ಹಾಗೆ ಮಾಡಲಿಲ್ಲ.

ಅವರು ನೋಡುತ್ತಿದ್ದದ್ದು ಪಾರ್ಕಿನ್ಸನ್ ಕಾಯಿಲೆಯನ್ನು. ಕಂಪವಾತ ಎಂದು ಹಳಬರು ಅನ್ನುತ್ತಾರೆ. ಮೆದುಳಿನಲ್ಲಿ ಚಲನೆಯನ್ನು ನಡೆಸುವ ಜೀವಕೋಶಗಳು ಸಾಯುತ್ತ ಬರುತ್ತವೆ. ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಹೆಜ್ಜೆ ಏಳುವುದಿಲ್ಲ. ಇಲಿಗೆ ಈ ಕಾಯಿಲೆ ತಾನಾಗಿ ಬರುವುದಿಲ್ಲ. ಕೀಟನಾಶಕದ ಜಾತಿಯ ಒಂದು ವಿಷವನ್ನು ಸ್ವಲ್ಪಸ್ವಲ್ಪವೇ ಕೊಟ್ಟರೆ ಕೆಲವು ವಾರಗಳಲ್ಲಿ ಅಂಥದೇ ಬಿಗಿತ ಬರುತ್ತದೆ. ಬಿಗಿತವನ್ನು ನೋಡುವುದು ಹೀಗೆ: ಇಲಿಯ ಮುಂಗಾಲು ಎರಡನ್ನೂ ಒಂದು ಅಡ್ಡಕಡ್ಡಿಯ ಮೇಲೆ ಇಡುವುದು. ನೆಟ್ಟಗಿರುವ ಇಲಿ ಕೂಡಲೇ ಕಾಲು ಇಳಿಸಿ ಓಡುತ್ತದೆ. ಬಿಗಿತ ಬಂದದ್ದು ಇಟ್ಟ ಹಾಗೇ ನಿಲ್ಲುತ್ತದೆ. ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಗಡಿಯಾರ ಹಿಡಿದು ಅಳೆಯಬೇಕು.

ಆ ಜೀವಕೋಶಗಳ ಮೇಲೆ ರಿಸೆಪ್ಟರ್ ಎಂಬುವು ಇರುತ್ತವೆ. ಅದೇನು ಎಂದು ನಾನು ಕೇಳಿದಾಗ ಮೇಡಂ ಚಿತ್ರ ಬರೆಯಲಿಲ್ಲ. ಉಗ್ರಾಣದ ಬಾಗಿಲನ್ನು ಎಳೆದು ಬೀಗ ಹಾಕಿ, ಅದರ ತೂತಿಗೆ ಹತ್ತಿ ತುರುಕಿ, "ಈಗ ಕೀಲಿ ಹಾಕು" ಎಂದರು. ಕೀಲಿ ಹೋಗಲಿಲ್ಲ. ಹಾಗೆಯೇ, ಕೇಡು ಮಾಡುವ ಸಂದೇಶ ಒಳಗೆ ಹೋಗುವ ಮೊದಲೇ ತೂತು ಮುಚ್ಚಿಬಿಟ್ಟರೆ ಜೀವಕೋಶ ಉಳಿದೀತೇ ಎಂದು ನೋಡುವುದು ನಮ್ಮ ಕೆಲಸ ಎಂದರು. ಆಮೇಲೆ ಆ ಹತ್ತಿ ಹೊರಗೆ ಬರಲೇ ಇಲ್ಲ. ಕಾಳಿನ ಚೀಲ ಒಳಗೆ, ನಾವಿಬ್ಬರೂ ಹೊರಗೆ. ತಲೆಯ ಪಿನ್ನು ತೆಗೆದು ಕೆದಕುತ್ತ ಅವರು ಇನ್ನೊಂದು ಮಾತು ಹೇಳಿದರು: ಇಂಥ ತೂತುಗಳು ಮೆದುಳಿನಲ್ಲಷ್ಟೇ ಇಲ್ಲ, ರಕ್ತನಾಳಗಳ ಮೇಲೂ ಇವೆ. ಮುಚ್ಚುವ ಔಷಧಕ್ಕೆ ತಲೆ ಯಾವುದು ಮೈ ಯಾವುದು ಗೊತ್ತಾಗುವುದಿಲ್ಲ, ಎಲ್ಲ ಕಡೆಯೂ ಮುಚ್ಚುತ್ತದೆ. ನಾನು ಬೀಗ ನೋಡಿ ನಗುತ್ತಿದ್ದೆ. ಮೊದಲನೆಯ ಮಾತು ಮನಸ್ಸಿನಲ್ಲಿ ಉಳಿಯಿತು.

ಉಳಿಯಲು ಕಾರಣವಿತ್ತು. ಗಜೇಂದ್ರಗಡದಲ್ಲಿ ನನ್ನ ಅಪ್ಪ ನೇಕಾರ. ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಸೀರೆ ನೇಯ್ದವನು. ಮೊದಲು ಬಲಗೈ ನಡುಗತೊಡಗಿತು; ಲಾಳಿ ಎಸೆದರೆ ಅಡ್ಡ ಹೋಗುತ್ತಿತ್ತು. ಆಮೇಲೆ ಕಾಲು. ಹೊಸ್ತಿಲ ಮುಂದೆ ಬಂದರೆ ಪಾದಕ್ಕೆ ಅಂಟು ಹಚ್ಚಿದ ಹಾಗೆ ನಿಂತುಬಿಡುತ್ತಿದ್ದ. ಗದಗಿನ ಡಾಕ್ಟರರು ಕೊಟ್ಟ ಗುಳಿಗೆ ಕೆಲವು ತಾಸು ಹಿಡಿದು ಆಮೇಲೆ ಬಿಡುತ್ತಿತ್ತು. ಅವ್ವ ಇಲ್ಲ. ಮಗ್ಗವನ್ನೂ ಅಪ್ಪನನ್ನೂ ತಮ್ಮನೇ ನೋಡಿಕೊಳ್ಳುತ್ತಿದ್ದ. ನಾನು ಮದುವೆಯಾಗಿ ರೋಣದಲ್ಲಿ ಇದ್ದವಳು, ಭಾನುವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ.

ಇನ್ನು ಮೇಡಂ ಇಲಿಗಳಿಗೆ ಕೊಡುತ್ತಿದ್ದ ಆ ತೂತು ಮುಚ್ಚುವ ಔಷಧ ಎಲ್ಲೂ ಸಿಗದ್ದಲ್ಲ. ರಕ್ತದೊತ್ತಡಕ್ಕೆ ಜನ ದಿನಾ ನುಂಗುವ ಬಿಪಿ ಗುಳಿಗೆ. ಕಾಲೇಜಿಗೆ ಔಷಧ ತರಿಸುವವರು ತಡ ಮಾಡಿದಾಗ ಗಜೇಂದ್ರಗಡದ ಅಂಗಡಿಯಿಂದ ನನ್ನ ತಮ್ಮನೇ ಒಂದು ಡಬ್ಬಿ ತಂದುಕೊಟ್ಟಿದ್ದ.

ಮೇಡಂ ಕೆಲಸ ಮಾಡುವ ರೀತಿಯೇ ಬೇರೆ. ಔಷಧ ಹಾಕುವವಳು ನಾನು, ಅಳೆಯುವವರು ಅವರು. ಯಾವ ಇಲಿಗೆ ಏನು ಹೋಗಿದೆ ಎಂಬುದು ಅವರಿಗೆ ಗೊತ್ತಾಗಬಾರದು. ಪಂಜರಗಳಲ್ಲಿ ಮೂರು ಗುಂಪು. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಬರೇ ವಿಷ, ಒಂದಕ್ಕೆ ವಿಷದ ಜೊತೆ ಬಿಪಿ ಗುಳಿಗೆ. ಗುರುತಿಗೆ ಬಿಳಿ, ಕಪ್ಪು, ಕೆಂಪು ದಾರ. ಯಾವ ಬಣ್ಣ ಯಾವುದಕ್ಕೆ ಎಂದು ಆರಿಸಿದವಳು ನಾನು. ಅದು ನನ್ನ ತಲೆಯಲ್ಲಷ್ಟೇ ಇರಬೇಕು. ಅವರು ಅಳೆಯುವಾಗ ನಾನು ಗೋಡೆಗೆ ಮುಖ ಮಾಡಿ ಸ್ಟೂಲಿನ ಮೇಲೆ ಕೂರಬೇಕು. "ನಿನ್ನ ಮಾರಿ ನೋಡಿದ್ರ ನನ್ನ ಕೈಗೆ ಗೊತ್ತಾಗ್ತದ. ಕೈ ಅಂಬೋದು ಭಾಳ ಆಶಾ ಇರೋ ವಸ್ತು. ಬೇಕಾದ್ದನ್ನಽ ಅಳೀತದ" ಎನ್ನುತ್ತಿದ್ದರು. ನೋಡುತ್ತ ನೋಡುತ್ತ ಅವರಿಗೆ ಊಹೆ ಬರುವುದಿಲ್ಲವೇ ಎಂದು ಒಮ್ಮೆ ಕೇಳಿದ್ದೆ. ಊಹೆ ಬರುತ್ತದೆ, ಊಹೆಯನ್ನು ತಳ್ಳಬಹುದು, ಗೊತ್ತಿದ್ದದ್ದನ್ನು ತಳ್ಳಲು ಬರುವುದಿಲ್ಲ ಎಂದರು.

ಪರೀಕ್ಷೆಯ ದಿನ ಹೂವು ಮುಡಿಯುವಂತಿಲ್ಲ. ಮಲ್ಲಿಗೆಯ ವಾಸನೆಗೆ ಇಲಿಗಳು ಮೂಗು ಎತ್ತಿ ನಿಂತುಬಿಡುತ್ತವೆ. ಆ ನಿಲ್ಲುವಿಕೆ ಯಾವುದರಿಂದ ಎಂದು ಹೇಳಲು ಬರುವುದಿಲ್ಲ. ನನ್ನ ಅತ್ತೆಗೆ ಇದು ಹಿಡಿಸುತ್ತಿರಲಿಲ್ಲ. ಒಂದು ಮಳೆಗಾಲ ಬೆಣ್ಣಿಹಳ್ಳ ಉಕ್ಕಿ ನರಗುಂದದ ಬಸ್ಸು ನಿಂತಾಗ ಮೇಡಂ ಇಲಿಗಳನ್ನು ಬಿಟ್ಟು ಇರಲಾರದೆ ನಮ್ಮ ಮನೆಯಲ್ಲೇ ಉಳಿದರು. ಊಟಕ್ಕೆ ಕೂತಾಗ ಅತ್ತೆ ಕೇಳಿಯೇಬಿಟ್ಟರು: "ಮುತ್ತೈದಿ ಬೋಳು ತುರುಬಿಲೆ ಹೋಗ್ತಾಳ, ಆ ಇಲಿ ಮುಂದ ಇಷ್ಟ್ಯಾಕ ಮರ್ಯಾದಿ ಅಂತೇನಿ?" ಮೇಡಂ ರೊಟ್ಟಿ ಮುರಿಯುತ್ತ, "ಇಲಿಗೆ ಮರ್ಯಾದಿ ಅಲ್ರಿ ಅವ್ವಾರ, ಖರೇಕ್ಕ ಮರ್ಯಾದಿ" ಎಂದರು. ಮರುದಿನ ಬೆಳಿಗ್ಗೆ ನಾನು ಹೊರಡುವಾಗ ಅತ್ತೆ ಹೂವಿನ ದಂಡೆ ಕಟ್ಟಿ ದೇವರ ಮುಂದೆ ಇಟ್ಟಿದ್ದರು. ಸಂಜೆ ಬಂದು ಮುಡಿದುಕೋ ಎಂದರು. ಮೇಡಂ ಆ ದಿನ ಬಹಳ ಖುಷಿಯಾಗಿದ್ದರು.

ಗುರುತಿನ ದಾರ ನಮ್ಮ ಅಪ್ಪನದು. ಮಗ್ಗದಲ್ಲಿ ಉಳಿದ ತುಂಡು ದಾರಗಳನ್ನು ಅವನು ಬಣ್ಣ ಬಣ್ಣವಾಗಿ ಸುತ್ತಿ ಇಟ್ಟಿರುತ್ತಿದ್ದ. ತಮ್ಮ ಗುಳಿಗೆಯ ಡಬ್ಬಿ ತಂದ ಭಾನುವಾರ ನಾನು ಅಲ್ಲೇ ಕೂತು ಅದಕ್ಕೆ ಕೆಂಪು ದಾರ ಸುತ್ತಿದೆ. ದಾರದ ತುದಿ ಹಿಡಿದು ಕೊಟ್ಟವನು ಅಪ್ಪ. ಅವರಿಬ್ಬರೂ ನೋಡಿದರು. ಮನೆಯವರು ನೋಡಿದರೆ ಏನಾದೀತು ಎಂದು ಯಾರಿಗೂ ಅನಿಸಲಿಲ್ಲ.

ವಾರಗಳು ಕಳೆದವು. ನಾನು ಅಳೆಯುವುದನ್ನು ನೋಡದಿದ್ದರೂ ದಿನಾ ಕಾಳು ಹಾಕುವವಳಲ್ಲವೇ. ಕಪ್ಪು ದಾರದ ಪಂಜರದಲ್ಲಿ ಇಲಿಗಳು ಮೂಲೆ ಹಿಡಿದು ಗೂನು ಬೆನ್ನು ಮಾಡಿ ಕೂತಿರುತ್ತಿದ್ದವು. ಕೆಂಪು ದಾರದವು ಕಾಳಿನ ಸಪ್ಪಳಕ್ಕೆ ನಡೆದು ಬರುತ್ತಿದ್ದವು. ನಿಧಾನಕ್ಕೆ, ಆದರೆ ಬರುತ್ತಿದ್ದವು. ಒಂದು ಭಾನುವಾರ ಅಪ್ಪ ಮಗ್ಗದ ಗುಂಡಿಯ ಅಂಚಿಗೆ ಕೂತು ನನ್ನನ್ನು ಕೇಳಿದ. ಯಾವ ದಾರದವು ನಡೀತಾವ ಎಂದ. ಹೇಳುವಂತಿಲ್ಲ ಎಂದೆ. ಅವನು ಬಿಳಿ ಎಂದ, ಕಪ್ಪು ಎಂದ, ಆಮೇಲೆ ಕೆಂಪು ಎಂದು ನನ್ನ ಮುಖ ನೋಡಿದ. ಗೊತ್ತಾಯಿತು ಎಂಬಂತೆ ತಲೆ ಅಲ್ಲಾಡಿಸಿ, ಒಳಗೆ ಕೂತಿದ್ದ ತಮ್ಮನ ಕಡೆ ನೋಡಿದ.

ಅದಾಗಿ ಎರಡು ದಿನಕ್ಕೆ ಪರೀಕ್ಷೆ ಇತ್ತು. ಕೋಣೆಯ ಕಿಟಕಿಗೆ ಪರದೆ ಎಳೆದಿತ್ತು. ನಾನು ಗೋಡೆಗೆ ಮುಖ ಮಾಡಿ ಕೂತಿದ್ದೆ. ಬೆನ್ನ ಹಿಂದೆ ಮೇಡಂ ಪಂಜರದ ಮುಚ್ಚಳ ತೆಗೆಯುವುದು, ಇಲಿಗೆ ಮೆಲ್ಲಗೆ ಏನೋ ಹೇಳುವುದು, ಗಡಿಯಾರ ಒತ್ತುವುದು, ಇಷ್ಟೇ ಸಪ್ಪಳ. ಕೋಣೆಯೊಳಗೆ ಫೋನು ತರುವಂತಿಲ್ಲ ಎಂದು ಎಲ್ಲರಿಗೂ ಕಟ್ಟುನಿಟ್ಟು. ನನಗೆ ಮಾತ್ರ, ಅಪ್ಪನಿಗೆ ಆರಾಮಿಲ್ಲವೆಂದು, ದನಿ ಅಡಗಿಸಿ ಇಟ್ಟುಕೊಳ್ಳಲು ಅವರೇ ಹೇಳಿದ್ದರು. ಅದು ತೊಡೆಯ ಮೇಲೆ ನಡುಗಿತು. ನಿಂತಿತು. ಮತ್ತೆ ನಡುಗಿತು. ತಮ್ಮ ಆ ಹೊತ್ತಿನಲ್ಲಿ ಎಂದೂ ಫೋನು ಮಾಡುವವನಲ್ಲ. ತೆಗೆದುಕೊಂಡೆ.

ಅವನ ದನಿ ದೊಡ್ಡದು. ಆ ಸದ್ದಿಲ್ಲದ ಕೋಣೆಯಲ್ಲಿ ಪ್ರತಿ ಮಾತೂ ಕೇಳಿತು.

"ಯಕ್ಕಾ, ಆ ಕೆಂಪು ದಾರದ್ದು, ಬಿಪಿ ಗುಳಿಗಿ, ನಿನ್ನೆ ಸಂಜಿಕ ಅಂಗಡ್ಯಾಗಿಂದ ತಂದು ಅಪ್ಪಗ ಕೊಟ್ಟಿದ್ದೆ. ಮುಂಜಾನೆ ಇನ್ನೊಂದು ಕೊಟ್ಟೆ. ಈಗ ಎದ್ದು ನಿಂತಾಂವ ಮಗ್ಗದ ಕಂಬಕ್ಕ ಒರಗಿ ಕುಸದಾನ. ಕಣ್ಣು ಮ್ಯಾಲ ಹೊಂಟಾವು. ಇದು ಸಾಲವಲ್ದೇನ? ಇನ್ನೊಂದು ಕೊಡ್ಲೇನು?"

ತಿರುಗಿ ನೋಡಿದೆ. ಮೇಡಂ ಇಲಿಯನ್ನು ಕಡ್ಡಿಯ ಮೇಲೆ ಇಟ್ಟು ಗಡಿಯಾರ ಹಿಡಿದಿದ್ದರು. ಮುಂದಿದ್ದ ಪಂಜರಕ್ಕೆ ಕೆಂಪು ದಾರವೇ ಇತ್ತು. ಅವರು ಒಂದು ಕ್ಷಣ ಆ ದಾರವನ್ನು ನೋಡಿದರು. ಗಡಿಯಾರ ಇನ್ನೂ ಓಡುತ್ತಿತ್ತು. ಅದನ್ನು ನಿಲ್ಲಿಸಲಿಲ್ಲ, ಓದಲೂ ಇಲ್ಲ, ಬೋರಲು ಇಟ್ಟರು. ಇಲಿಯ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಎತ್ತಿ ಪಂಜರದಲ್ಲಿ ಬಿಟ್ಟರು. ಅಂಥ ಹೊತ್ತಿನಲ್ಲೂ ಕೈ ಅವಸರ ಮಾಡಲಿಲ್ಲ. ಆಮೇಲೆ ನನ್ನ ಫೋನು ತೆಗೆದುಕೊಂಡರು.

"ನಾ ಹೇಳೂದು ಕೇಳಪಾ. ಗುಳಿಗಿ ಕೊಡಬ್ಯಾಡ, ಒಂದೂ ಕೊಡಬ್ಯಾಡ. ನೆಲಕ್ಕ ಅಂಗಾತ ಮಲಗಸು. ಕಾಲು ಎತ್ತರಕ್ಕ ಇಡು, ದಿಂಬು ಇಲ್ಲಂದ್ರ ಸೀರಿ ಸುರಳಿ ಇಡು. ಎಬ್ಬಿಸಿ ಕೂಡಸಬ್ಯಾಡ. ನುಂಗೂಹಂಗ ಇಲ್ಲದಾಗ ಬಾಯಾಗ ನೀರೂ ಹಾಕಬ್ಯಾಡ. ಗಾಡಿ ತರಿಸಿ ದವಾಖಾನಿಗೆ ಒಯ್ಯಿ. ಏನು ಕೊಟ್ಟೀದಿ ಅಂಬೋದು ಡಾಕ್ಟರ ಮುಂದ ಮುಚ್ಚಬ್ಯಾಡ, ಆ ಗುಳಿಗಿ ಕಾಗದಾನ ಒಯ್ದು ತೋರಸು."

ಫೋನು ಕೊಟ್ಟು, ಬಿಳಿ ಕೋಟು ತೆಗೆದು ಮೊಳೆಗೆ ಹಾಕಿದರು. ಹಾಕುವ ಮೊದಲು ಜೇಬು ಮುಟ್ಟಿ ನೋಡಿದರು. ನಾವು ಸ್ಟ್ಯಾಂಡಿಗೆ ಬಂದಾಗ ಗಜೇಂದ್ರಗಡದ ಬಸ್ಸು ಹೊರಡುತ್ತಿತ್ತು. ನಡುಮಧ್ಯೆ ಬಿಟ್ಟ ಪರೀಕ್ಷೆಯ ಬಗ್ಗೆ ನನಗೆ ಆಗ ನೆನಪೇ ಇರಲಿಲ್ಲ. ಅವರು ಎಂದೂ ನಡುಮಧ್ಯೆ ಎದ್ದವರಲ್ಲ. ಕರೆಂಟು ಹೋದರೂ, ಯಾರೋ ದೊಡ್ಡವರು ಬಂದರೂ ಎದ್ದಿರಲಿಲ್ಲ.

ಆ ದಾರಿ ಬಹಳ ಉದ್ದವಾಯಿತು. ಬಸ್ಸು ಪ್ರತಿ ಊರಿನಲ್ಲೂ ನಿಂತಿತು. ಒಂದು ಕಡೆ ಜೋಳದ ಚೀಲ ಏರಿಸುತ್ತ ಕಂಡಕ್ಟರನೂ ಮುದುಕನೊಬ್ಬನೂ ಜಗಳಕ್ಕೆ ನಿಂತರು. ತಮ್ಮ ಫೋನು ತೆಗೆಯುತ್ತಿರಲಿಲ್ಲ. ಎದುರಿಗೆ ನಮ್ಮೂರ ಗುಡ್ಡದ ಗಾಳಿಯಂತ್ರಗಳು ತಿರುಗುವುದು ಕಂಡರೂ ಊರು ಬರುತ್ತಿರಲಿಲ್ಲ. ಮೇಡಂ ಸಮಾಧಾನ ಹೇಳಲಿಲ್ಲ. ಅಪ್ಪನಿಗೆ ಎಂದಾದರೂ ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತಿತ್ತೇ ಎಂದು ಕೇಳಿದರು. ಬರುತ್ತಿತ್ತು ಎಂದೆ. ಈ ಕಾಯಿಲೆಯವರಿಗೆ ನಿಂತ ಕೂಡಲೇ ರಕ್ತದೊತ್ತಡ ತಾನಾಗಿಯೇ ಕುಸಿಯುವುದುಂಟು, ಅದರ ಮೇಲೆ ಈ ಗುಳಿಗೆ ಬಿದ್ದರೆ ಇನ್ನೂ ಕೆಳಗೆ ಹೋಗುತ್ತದೆ ಎಂದರು. ಆಗ ನನಗೆ ಬೀಗದ ತೂತು ಕೆದಕುತ್ತ ಅವರು ಹೇಳಿದ ಎರಡನೆಯ ಮಾತು ನೆನಪಾಯಿತು. ಅಪ್ಪ ಉಳಿಯುತ್ತಾನೆಯೇ ಎಂದು ಕೇಳಿದೆ. "ಗೊತ್ತಿಲ್ಲ ತಂಗಿ" ಎಂದರು. ಬೇರೆ ಯಾರಾದರೂ ಆಗಿದ್ದರೆ ಉಳಿಯುತ್ತಾನೆ ಎನ್ನುತ್ತಿದ್ದರು. ಆದರೆ ಹಾಗೆ ಅಂದಮೇಲೆ ನನ್ನ ಕೈ ಹಿಡಿದರು, ಇಳಿಯುವ ತನಕ ಬಿಡಲಿಲ್ಲ.

ಅಪ್ಪ ದವಾಖಾನೆಯಲ್ಲಿ ಮಂಚದ ಮೇಲೆ ಇದ್ದ. ಸಲೈನು ಹಚ್ಚಿದ್ದರು. ಹಣೆಗೆ ಮಗ್ಗದ ಕಂಬ ತಾಗಿ ಬಾತಿತ್ತು. ಕಣ್ಣು ತೆರೆದು ನನ್ನನ್ನು ನೋಡಿದ, ನನ್ನ ಹಿಂದೆ ನಿಂತವರನ್ನು ನೋಡಿದ. ಎದ್ದು ಕೈ ಮುಗಿಯಲು ಹೊರಟವನನ್ನು ಡಾಕ್ಟರರು ಗದರಿ ಮಲಗಿಸಿದರು. ಗುಳಿಗೆಯ ಕಾಗದ ತಂದು ತೋರಿಸಿದ್ದು ಒಳ್ಳೆಯದಾಯಿತು ಎಂದು ಅವರು ತಮ್ಮನಿಗೆ ಹೇಳಿದರು. ತಮ್ಮ ಗೋಡೆಗೆ ಒರಗಿ ಅಳುತ್ತಿದ್ದ. ಮೇಡಂ ಅವನನ್ನು ಬೈಯಲಿಲ್ಲ. ಅಪ್ಪನ ಪಕ್ಕಕ್ಕೆ ಹೋಗಿ ಇಷ್ಟೇ ಕೇಳಿದರು: "ನೀವು ಇಲಿ ಅದೀರೇನ್ರಿ ಅಪ್ಪಾರ?" ಅಪ್ಪ ಬಾಯಿ ಒಣಗಿದ್ದರೂ, "ಇಲಿ ಆಗಿದ್ರ ನಡೀತಿದ್ದೆರಿ" ಎಂದ.

ಮರುದಿನ ಕಾಲೇಜಿನಲ್ಲಿ ಪ್ರಾಂಶುಪಾಲರು ಕರೆಸಿ ಮಾತಾಡಿದರು. ಕೆಟ್ಟವರಲ್ಲ ಅವರು. ಪರೀಕ್ಷೆ ಇನ್ನೊಂದು ದಿನ ಮುಂದುವರಿಸಿ ಎಂದರು. ಯಾವ ದಾರ ಯಾವುದು ಎಂದು ಮೇಡಂಗೆ ಗೊತ್ತಾದದ್ದು ನಮ್ಮ ಮೂವರ ಹೊರತು ಯಾರಿಗೂ ತಿಳಿದಿಲ್ಲ, ಇಷ್ಟು ವಾರಗಳ ಕೆಲಸ, ಇಷ್ಟು ಜೀವ ಯಾಕೆ ಹಾಳು ಮಾಡುತ್ತೀರಿ ಎಂದರು. ಫಲಿತಾಂಶ ಹೇಗೂ ಕೆಂಪಿನ ಕಡೆಗೇ ಇದೆಯಲ್ಲ ಎಂದೂ ಹೇಳಿದರು.

"ನಾ ಕೇಳೀನಲ್ರಿ ಸರ್" ಎಂದರು ಮೇಡಂ.

ಅಳೆದದ್ದನ್ನೆಲ್ಲ ಕೈಬಿಟ್ಟರು. ನನಗೆ ಒಂದೇ ಒಂದು ಬಿರುಸು ಮಾತು ಆಡಲಿಲ್ಲ. ಆ ಇಲಿಗಳನ್ನು ನಿಯಮದ ಪ್ರಕಾರ ಮುಗಿಸಬೇಕಾದ ದಿನ ಮಾತ್ರ ಊಟದ ಡಬ್ಬಿ ತೆರೆಯಲಿಲ್ಲ. ಸಂಜೆ ಪಂಜರ ತೊಳೆಯುತ್ತ, ಇವು ಏನೂ ಹೇಳದೆ ಹೋದವು ಎಂದರು. ಅದನ್ನು ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ.

ಹೊಸ ಇಲಿಗಳಿಗೆ ಪ್ರಾಣಿ ಪ್ರಯೋಗಗಳನ್ನು ನೋಡುವ ಸಮಿತಿಯ ಒಪ್ಪಿಗೆ ಬರಬೇಕು. ಕಾಯುವ ಆ ತಿಂಗಳುಗಳಲ್ಲಿ ಒಂದು ಭಾನುವಾರ ಅವರು ತಾವಾಗಿಯೇ ಗಜೇಂದ್ರಗಡಕ್ಕೆ ಬಂದರು. ಅಪ್ಪ ಹೊಸ್ತಿಲ ಮುಂದೆ ಅಂಟಿಕೊಂಡು ನಿಲ್ಲುವುದನ್ನು ನೋಡಿದರು. ಉಳಿಕೆ ದಾರದ ಗಂಟು ಕೇಳಿ, ದಪ್ಪಗೆ ಹೊಸೆದು, ಒಂದೊಂದು ಹೆಜ್ಜೆಗೆ ಒಂದರಂತೆ ಪಡಸಾಲೆಯಿಂದ ಹೊಸ್ತಿಲ ತನಕ ಅಡ್ಡಡ್ಡ ಸಾಲಾಗಿ ಹಾಸಿ, ತುದಿಗಳನ್ನು ಮೇಣದಿಂದ ನೆಲಕ್ಕೆ ಅಂಟಿಸಿದರು. ದಾರ ತುಳಿಯದೆ ದಾಟಿ ಬರ್ರಿ ಎಂದು ಹೇಳಿದರು. ಅಪ್ಪ ಮೊದಲ ದಾರ ನೋಡಿದ. ಪಾದ ಎದ್ದಿತು. ಎರಡನೆಯದನ್ನು ದಾಟಿದ. ಹೊಸ್ತಿಲನ್ನೂ ದಾಟಿ ಬಿಸಿಲಿಗೆ ಬಂದು ನಿಂತ. ನೆಲದ ಮೇಲೆ ಗೆರೆ ಕಂಡರೆ ಈ ಕಾಯಿಲೆಯವರಲ್ಲಿ ಕೆಲವರ ಕಾಲು ಏಳುತ್ತದೆ, ಇದು ಹಳೆಯ ಸಂಗತಿ, ನಾನು ಕಂಡುಹಿಡಿದದ್ದಲ್ಲ ಎಂದರು ಮೇಡಂ. "ಇದು ಔಷಧ ಅಲ್ಲ. ಇದರಿಂದ ಒಳಗ ಏನೂ ಉಳ್ಯಂಗಿಲ್ಲ. ಔಷಧದ ಮಾತು ಇನ್ನೂ ಐತ್ರಿ, ಅದನ್ನ ನಾ ಹೇಳತೇನಿ, ನೀವು ಕಾಯ್ರಿ" ಎಂದರು. ಯಾವಾಗಲೂ 'ಅದ' ಎನ್ನುತ್ತಿದ್ದವರಿಗೆ ಅಪ್ಪನ ಮುಂದೆ ನಮ್ಮ ಮನೆಯ 'ಐತಿ' ಬಂದಿತ್ತು. ಅಪ್ಪ ಕಾಯುತ್ತೇನೆ ಎಂದ.

ಎರಡನೆಯ ಸಲ ಬೇರೆ ದಾರ ಬಳಸಿದೆವು, ಬಣ್ಣಗಳನ್ನು ಅದಲುಬದಲು ಮಾಡಿದೆ. ಯಾವುದು ಯಾವುದಕ್ಕೆ ಎಂದು ಇಲ್ಲಿಯೂ ಬರೆಯುವುದಿಲ್ಲ. ಗುಳಿಗೆಯನ್ನು ಕಾಲೇಜಿನಲ್ಲೇ ತೆಗೆದಿಟ್ಟು ಬೀಗ ಹಾಕಿದೆ. ಮನೆಯಲ್ಲಿ ಯಾರೂ ಏನೂ ಕೇಳಲಿಲ್ಲ. ವಾರಗಳು ಕಳೆದು, ನಾಳೆ ಮೊದಲ ಪರೀಕ್ಷೆ ಎನ್ನುವ ಆ ಸಂಜೆ ಅವರು ಕಡ್ಡಿಯ ತಿರುಪು ಬಿಗಿ ಮಾಡಿ ನರಗುಂದದ ಬಸ್ಸು ಹತ್ತಿದರು.

ಬೆಳಿಗ್ಗೆ ನಾನು ಹೂವಿಲ್ಲದೆ ಬಂದು, ಪರದೆ ಎಳೆದು, ಸ್ಟೂಲನ್ನು ಗೋಡೆಯ ಕಡೆ ತಿರುಗಿಸಿ ಕೂತೆ. ಬಸ್ಸು ಬಂದು ಹೋದ ಸಪ್ಪಳ ಕೇಳಿತು. ಅವರು ಬರಲಿಲ್ಲ. ಆಮೇಲೆ ಆಫೀಸಿನವರು ಬಂದು ಹೇಳಿದರು. ನಸುಕಿನಲ್ಲಿ ಎದೆನೋವು ಬಂದಿತ್ತು. ಹುಬ್ಬಳ್ಳಿಗೆ ಒಯ್ಯುವಾಗ ದಾರಿಯಲ್ಲೇ ಹೋದರು.

ನರಗುಂದದಲ್ಲಿ ಗುಡ್ಡದ ಕೆಳಗಿನ ಓಣಿಯಲ್ಲಿ ಅವರ ಮನೆ. ಅವರೂ ಅವರ ಅಕ್ಕನೂ ಇಬ್ಬರೇ ಇದ್ದರು. ನಾನು ಹೋದಾಗ ಅಂಗಳದಲ್ಲಿ ಮಲಗಿಸಿದ್ದರು. ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಎಲ್ಲರೂ ಹೂವು ಹಾಕುತ್ತಿದ್ದರು. ಯಾರೋ ನನ್ನ ಕೈಗೂ ಒಂದು ಮಲ್ಲಿಗೆಯ ದಂಡೆ ಕೊಟ್ಟರು. ನಾನು ಬಹಳ ಹೊತ್ತು ಹಿಡಿದು ನಿಂತು, ಕೊನೆಗೆ ಪಾದದ ಹತ್ತಿರ ಇಟ್ಟೆ. ಕೈಯ ಹತ್ತಿರ ಇಡಲಾಗಲಿಲ್ಲ. ಅವರ ಅಕ್ಕ ನನ್ನನ್ನು ಗುರುತು ಹಿಡಿದು ಒಳಗೆ ಕರೆದು ಕೂರಿಸಿಕೊಂಡರು. ಮನೆಯಲ್ಲಿ ಏನೂ ಹೇಳುತ್ತಿರಲಿಲ್ಲ, ಎಷ್ಟು ವರ್ಷ ಆ ಇಲಿಗಳ ಹಿಂದೆ ಬಿದ್ದಿದ್ದಳು ಎಂದರು. "ಕಡೀಕ ಅದು ಆತೇನವಾ, ಆಕಿ ನೋಡಾಕತ್ತಿದ್ದು?" ಎಂದು ಕೇಳಿದರು.

ಆಗಿಲ್ಲರಿ ಎಂದೆ. ಆಗುತ್ತಿತ್ತು ಎಂದು ಹೇಳಬೇಕೆಂದು ಬಾಯಿಗೆ ಬಂದಿತ್ತು. ಅವರ ಮನೆಯಲ್ಲಿ ಕೂತು ಅದನ್ನು ಹೇಳಲು ಆಗಲಿಲ್ಲ.

ಆ ವಾರ ಕಾಲೇಜಿನ ಒಬ್ಬ ಕಿರಿಯ ಮಾಸ್ತರರು ಪರೀಕ್ಷೆಯನ್ನು ತಾವು ಮಾಡುತ್ತೇನೆಂದು ಬಂದರು. ಒಳ್ಳೆಯ ಮನಸ್ಸಿನಿಂದಲೇ ಬಂದರು. ನಾನು ಗೋಡೆಗೆ ಮುಖ ಮಾಡಿ ಕೂತೆ. ಬೆನ್ನ ಹಿಂದೆ ಪಂಜರದ ಮುಚ್ಚಳದ ಸಪ್ಪಳ, ಗಡಿಯಾರದ ಸಪ್ಪಳ. ಬಹಳ ಹೊತ್ತಾದ ಮೇಲೆ ಅವರು, ಎಲ್ಲವೂ ನಿಂತೇ ಇವೆಯಲ್ಲ ಎಂದರು. ತಿರುಗಿ ನೋಡಿದೆ. ಮೂರೂ ಬಣ್ಣದವು ಹಾಗೇ. ವಿಷ ಹೋಗದ ಇಲಿ ಕೂಡ ಮುಂಗಾಲು ಕಡ್ಡಿಯ ಮೇಲಿಟ್ಟು, ಕಿವಿ ಹಿಂದಕ್ಕೆ ಮಾಡಿ, ಕದಲದೆ ನಿಂತಿತ್ತು. ಅವಕ್ಕೆ ಆ ಕೈಯ ಗುರುತಿರಲಿಲ್ಲ. ಹೆದರಿಕೆಯೂ ಬಿಗಿತವೂ ಆ ಕಡ್ಡಿಯ ಮೇಲೆ ಒಂದೇ ಥರ ಕಾಣುತ್ತವೆ. ಮಾಸ್ತರರು ಕೈಯ ರೂಢಿ ಮಾಡಿಸಲು ಕೆಲವು ದಿನ ಕೇಳಿದರು. ಅಷ್ಟರಲ್ಲಿ ಪರೀಕ್ಷೆಯ ಗಡುವು ದಾಟಿತು, ಸಮಿತಿಯವರು ಕೆಲಸ ಮುಚ್ಚಿ ಎಂದರು.

ಪಂಜರಗಳನ್ನು ತೊಳೆದು ಬೋರಲು ಹಾಕಿದ್ದೇನೆ. ಬಿಳಿ ಕೋಟು ಮೊಳೆಯ ಮೇಲೇ ಇದೆ. ಆ ವಿಷಯವನ್ನು ಮುಂದುವರಿಸುವವರು ನಮ್ಮ ಕಾಲೇಜಿಗೆ ಬಂದಿಲ್ಲ.

ಅಪ್ಪ ಈಗಲೂ ದಾರ ದಾಟಿ ಹೊರಗೆ ಬರುತ್ತಾನೆ. ದಾರ ಸವೆದರೆ ತಮ್ಮ ಹೊಸದು ಅಂಟಿಸುತ್ತಾನೆ. ಕೆಲವು ದಿನ ದಾರವಿದ್ದರೂ ಕಾಲು ಏಳುವುದಿಲ್ಲ; ಅಂಥ ದಿನಗಳು ಹೆಚ್ಚಾಗುತ್ತಿವೆ. ಮೇಡಂ ಹೋದದ್ದು ಅವನಿಗೆ ಗೊತ್ತು. ಆದರೂ ಪ್ರತಿ ಭಾನುವಾರ ನಾನು ಹೊರಡುವ ಹೊತ್ತಿಗೆ, "ಆ ಬಾಯಾರು ಹೇಳತೇನಿ ಅಂದಿದ್ರಲ್ಲವಾ. ಕೆಂಪು ನಡದದ್ದು ಗುಳಿಗಿಗೇನು?" ಎಂದು ಕೇಳುತ್ತಾನೆ.

ಗೊತ್ತಿಲ್ಲಪ್ಪ ಎನ್ನುತ್ತೇನೆ. ಅವನು ನನ್ನ ಮುಖ ನೋಡುತ್ತಾನೆ. ಮುಖದಲ್ಲೂ ಉತ್ತರ ಇಲ್ಲ.